ಸೆರಗಿನೊಳಗಿನ ಡಬ್ಬಾ ಫೋನು

ಒಂದು ಕ್ಯಾಮೆರಾ ಕ್ರೇನು, ಒಂದು ಡ್ರೋನು, ಮೇಲೆ ಮೂರು ಮದುವೆ ಸೀಜನ್ನಿನ ನಿದ್ದೆ. ರಾಣೇಬೆನ್ನೂರಿನ ಆ ಹೆಂಗಸಿನ ಎಡಗಿವಿಗೆ ನಾನು ತೆತ್ತ ಬೆಲೆ ಇಷ್ಟು. ಆ ಕಿವಿಗೆ ಒತ್ತಿಕೊಂಡು, ತಲೆ ಮೇಲೆ ಹೊದ್ದ ಸೆರಗಿನ ಒಳಗೆ, ಸದಾ ಒಂದು ಡಬ್ಬಾ ಫೋನು ಸಿಕ್ಕಿಸಿಕೊಂಡಿರುತ್ತಿತ್ತು. ಇಂಟರ್ನೆಟ್ಟಿಲ್ಲದ, ಗುಂಡಿ ಒತ್ತುವ ಹಳೆಯ ಫೋನು. ಸೆರಗನ್ನು ಬಿಗಿಯಾಗಿ ಎಳೆದು ಗದ್ದದ ಕೆಳಗೆ ಪಿನ್ನು ಚುಚ್ಚಿದರೆ ಅದು ಕದಲುತ್ತಿರಲಿಲ್ಲ. ಎರಡೂ ಕೈ ಕೆಲಸಕ್ಕೆ ಖಾಲಿ. ದೂರದಿಂದ ನೋಡಿದವರಿಗೆ ಹಲ್ಲುನೋವಿಗೆ ಬಟ್ಟೆ ಕಟ್ಟಿಕೊಂಡು ಮದುವೆಗೆ ಬಂದವರ ಹಾಗೆ ಕಾಣುತ್ತಿದ್ದರು. ಆ ಹಲ್ಲುನೋವನ್ನು ಸೋಲಿಸಬೇಕೆಂದೇ ನಾನು ಕ್ರೇನು ಕೊಂಡೆ, ಡ್ರೋನು ಕೊಂಡೆ. ಸೋತದ್ದು ಎಷ್ಟರಮಟ್ಟಿಗೆಂದರೆ, ನನ್ನ ಸ್ವಂತ ಮಗಳ ಮದುವೆಯಲ್ಲಿ ಕರ್ಜಗಿಯ ದೊಡ್ಡವ್ವನ ಕೈಯಿಂದ ಅಕ್ಕಿಕಾಳು ಹೊತ್ತಿಗೆ ಸರಿಯಾಗಿ ಬೀಳುತ್ತದೋ ಇಲ್ಲವೋ ಎಂಬುದು ಕೊನೆಗೆ ಆ ಕಿವಿಯ ಮೇಲೆ ನಿಂತಿತು.

ಹಾವೇರಿಯಲ್ಲಿ ನನ್ನದು ಮದುವೆ ವಿಡಿಯೊ ಮತ್ತು ಲೈವಿನ ಧಂದೆ. ಲೈಟು ಹೊರುವ ಕೂಲಿಯಿಂದ ಸುರು ಮಾಡಿ ಸ್ವಂತ ಅಂಗಡಿ ಹಾಕಿದವನು. ಹೇಳಿದ ರೇಟಿಗೆ ಒಂದು ವಾಯರನ್ನೂ ಕೊಂಡವನಲ್ಲ. ಹುಬ್ಬಳ್ಳಿಯ ಅಂಗಡಿಯವರು ನನ್ನನ್ನು ಕಂಡರೆ ಮೊದಲೇ ಚಹಾ ತರಿಸಿ ಕೂಡಿಸುತ್ತಿದ್ದರು, ಚೌಕಾಸಿ ಲಗೂ ಮುಗಿಯುವುದಿಲ್ಲ ಎಂದು ಗೊತ್ತಿದ್ದರಿಂದ. ಲೈವ್ ಎಂದರೆ, ಮದುವೆಗೆ ಬರಲಾಗದ ಮುದುಕರು, ಬಾಣಂತಿಯರು, ಕಾಲು ಮುರಿದವರು ಮನೆಯಲ್ಲೇ ಮೊಬೈಲು ಹಿಡಿದು ನಡೆಯುತ್ತಿರುವ ಮದುವೆಯನ್ನು ಆಗಿಂದಾಗ ನೋಡುವುದು. ನನ್ನ ಲೈವಿನಲ್ಲಿ ಮದುಮಗಳ ಮೂಗುತಿಯ ಹರಳು ಎಣಿಸಬಹುದಿತ್ತು. ಹಾವೇರಿ ಜಿಲ್ಲೆಯಲ್ಲಿ ಅಂಥ ಚಿತ್ರ ಇನ್ನೊಬ್ಬರ ಹತ್ತಿರ ಇರಲಿಲ್ಲ ಎಂದು ಇವತ್ತಿಗೂ ಎದೆ ತಟ್ಟಿ ಹೇಳುತ್ತೇನೆ.

ಅವರದು ರಾಣೇಬೆನ್ನೂರಿನಲ್ಲಿ ಒಂದು ಸಣ್ಣ ಸ್ಟುಡಿಯೊ. ಪಾಸ್‌ಪೋರ್ಟ್ ಫೋಟೊ, ಆಧಾರ್ ಲ್ಯಾಮಿನೇಶನ್, ಅದರ ನಡುವೆ ಲೈವ್. ಎಲ್ಲರೂ ‘ಅಕ್ಕಾರು’ ಎನ್ನುತ್ತಿದ್ದರು. ಎದುರಿಗೆ ನಾನೂ ಅಕ್ಕಾರ ಎನ್ನುತ್ತಿದ್ದೆ. ಹಿಂದೆ ಏನೆನ್ನುತ್ತಿದ್ದೆ ಎಂಬುದು ಇಲ್ಲಿ ಬೇಡ. ದಪ್ಪ ಹೆಂಗಸು, ದೊಡ್ಡ ದನಿ, ಸ್ಕೂಟಿಯ ಮುಂದೆ ಅಡ್ಡಡ್ಡ ಇಟ್ಟ ಸ್ಟ್ಯಾಂಡು, ಬಾಯಲ್ಲಿ ಅಡಿಕೆ. ವಿನಯ ಎಂಬುದು ಅವರ ಓಣಿಯ ಕಡೆ ಹಾದಿರಲಿಲ್ಲ. “ನಮ್ಮ ಮುಂದ ಯಾರದೂ ನಡ್ಯಾಂಗಿಲ್ಲ ಬಿಡ್ರಿ” ಎಂದು ತಮ್ಮ ಬಾಯಿಂದಲೇ ಹೇಳಿಕೊಳ್ಳುತ್ತಿದ್ದರು. ಕ್ಯಾಮೆರಾ ಇರಲಿಲ್ಲ, ಒಂದು ಮೊಬೈಲು. ಚಿತ್ರವೋ, ಮಂಜು ಕವಿದ ಕಿಟಕಿಯಲ್ಲಿ ಮದುವೆ ನಡೆದ ಹಾಗೆ. ಆದರೂ ಬುಕಿಂಗ್ ಅವರಿಗೇ ಹೋಗುತ್ತಿತ್ತು. ನನ್ನ ಹೊಟ್ಟೆ ಉರಿಯದೆ ಏನಾಗಬೇಕು ಹೇಳಿ.

ಮೊದಲ ಏಟು ಬಿದ್ದದ್ದು ಬ್ಯಾಡಗಿಯಲ್ಲಿ. ಮೆಣಸಿನಕಾಯಿ ದಲಾಲಿಯೊಬ್ಬರ ಮಗನ ಮದುವೆ. ದೊಡ್ಡ ಕುಳ. ಅಂಗಡಿಯ ಗಾದಿಯ ಮೇಲೆ ಕೂತು ಲ್ಯಾಪ್‌ಟಾಪು ತೆರೆದು ನನ್ನ ಹಳೆಯ ಮದುವೆಗಳನ್ನು ತೋರಿಸಿದೆ. ಅಂಗಳದ ಮೆಣಸಿನ ಘಾಟಿಗೆ ಸೀನುತ್ತಲೇ ಒಂದು ತಾಸು ಮಾತಾಡಿದೆ. ಸಾವಕಾರರು ಪೂರ್ತಿ ನೋಡಿದರು, ತಲೆದೂಗಿದರು.

“ಭಾಳ ಚಂದ ಐತ್ರಿ ನಿಮ್ದು,” ಎಂದರು. “ಆದ್ರ ಬರೂದಿಲ್ಲ.”

“ಏನ್ ಬರೂದಿಲ್ರಿ ಸಾವಕಾರ್ರ?”

“ನಮ್ಮ ತಾಯಿ ತವರಮನಿ ಹೊಸರಿತ್ತಿ. ಅಲ್ಲಿ ತ್ವಾಟದ ಮನ್ಯಾಗ ನಮ್ಮ ಸ್ವಾದರಮಾವ ಅದಾರ, ಹಾಸಿಗಿ ಹಿಡದಾರ. ಹ್ವಾದ ವರ್ಷ ತಂಗಿ ಮದುವ್ಯಾಗ ನಿಮ್ಮ ಲೈವ್ ಹಾಕಿಕೊಟ್ಟಿದ್ವಿ. ಗುಂಡಗ ಒಂದ ಚಕ್ರಾ ತಿರಗಿದ್ದನ್ನ ನೋಡಿ, ಮದುವಿ ಚಲೋ ಆತಪಾ ಅಂದ್ರು.”

ಗಾದಿಯ ಆಚೆ ಕೂತಿದ್ದ ಗುಮಾಸ್ತ ನಕ್ಕ. ಹೊಸರಿತ್ತಿಯ ತೋಟದಲ್ಲಿ ನೆಟ್‌ವರ್ಕ್ ಇಲ್ಲದ್ದಕ್ಕೆ ನಾನೇನು ಮಾಡಲಿ, ಟವರು ನನ್ನದಲ್ಲ, ಎಂದೆ. ಸಾವಕಾರರು ನನ್ನ ಲ್ಯಾಪ್‌ಟಾಪನ್ನು ತಾವೇ ಮುಚ್ಚಿ ನನ್ನ ಕಡೆ ಸರಿಸಿದರು. “ಟವರ್ ಆಕೀದೂ ಅಲ್ರಿ,” ಎಂದರು. ‘ಆಕಿ’ ಯಾರು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ಆ ಮದುವೆಗೆ ಕರೆಯದಿದ್ದರೂ ನಾನು ಹೋದೆ. ಎದುರಾಳಿಯ ಅಂಗಡಿಗೆ ಗಿರಾಕಿಯ ಹಾಗೆ ಹೋಗಿ ಬರುವುದು ವ್ಯಾಪಾರದಲ್ಲಿ ಇದ್ದದ್ದೇ. ನಾನು ಹೋದಾಗ ಅಕ್ಕಾರು ಸ್ಟೇಜಿನ ಮೇಲೆ ಡೆಕೊರೇಶನ್ನಿನವನ ಜೊತೆ ಜಗಳಕ್ಕೆ ನಿಂತಿದ್ದರು. ಹಿಂದಿನ ಜರಿ ಪರದೆ ಫ್ಯಾನಿನ ಗಾಳಿಗೆ ಹಾರುತ್ತಿತ್ತು, ಅದರ ಮೇಲೆ ಓಡುವ ಲೈಟಿನ ಸರ. ಎರಡನ್ನೂ ತೆಗೆಸುತ್ತಿದ್ದರು.

“ಅಕ್ಕಾರ, ಪರದೆ ಹಾರಿದ್ರ ನಿಮಗೇನ್ ತ್ರಾಸ್ರಿ? ರಿಚ್ ಕಾಣತೈತಿ.”

“ಅದು ಹಾರಿದಷ್ಟೂ ನೆಟ್ ತಿಂತೈತೋ. ನಿಂತಿದ್ದನ್ನ ಒಮ್ಮಿ ಕಳಿಸಿದ್ರ ಸಾಕು, ಅಲಗಾಡೂದನ್ನ ಮತ್ತ ಮತ್ತ ಹೊತ್ತು ಹಾಕಬೇಕು. ಪರದೇನ ಮದುವಿ ಆಗಾಕತ್ತೇತೇನು ಇಲ್ಲೆ?”

ತಮ್ಮ ಚೀಲದಿಂದ ಒಂದು ಸಾದಾ ಬೆಡ್‌ಶೀಟು ತೆಗೆದು ಮದುಮಕ್ಕಳ ಬೆನ್ನಿಗೆ ಕಟ್ಟಿಸಿದರು. ಮೊಬೈಲನ್ನು ಸ್ಟ್ಯಾಂಡಿಗೆ ಹಾಕಿದವರು ಮತ್ತೆ ಅದನ್ನು ಮುಟ್ಟಲಿಲ್ಲ. ಅತ್ತಿತ್ತ ತಿರುಗಿಸಲಿಲ್ಲ, ಹತ್ತಿರ ದೂರ ಮಾಡಲಿಲ್ಲ. ಚಿತ್ರದ ಅಳತೆಯನ್ನು ಎಲ್ಲಕ್ಕಿಂತ ಕೆಳಗಿನದಕ್ಕೆ ಇಳಿಸಿದ್ದರು. ಮದುವೆ ಮಾಡಿಸುವ ಸ್ವಾಮಿಗಳ ಮೈಕಿನಿಂದ ಒಂದು ವಾಯರು ಮಾತ್ರ ನೇರ ಮೊಬೈಲಿಗೆ ಬಂದಿತ್ತು. ಆಮೇಲೆ ತಿರುಗಿ, ಮೂರನೆಯ ಸಾಲಿನಲ್ಲಿ ಕಂಬದ ಮರೆಗೆ ಕೂತಿದ್ದ ನನ್ನನ್ನು ಅಷ್ಟು ದೂರದಿಂದಲೇ ಹಿಡಿದರು.

“ಬರ್ರಿ ಹಾವೇರಿ ಸಾವಕಾರ್ರ! ಕಂಬದ ಹಿಂದ ಯಾಕ ಕುಂತೀರಿ, ಮುಂದ ಕುಂದ್ರಿ. ಕಣ್ಣ ಹಾಕಾಕ ಬಂದೀರಿ, ಹೊಟ್ಟಿ ತುಂಬ ಹಾಕಿ ಊಟಾ ಮಾಡ್ಕೊಂಡ ಹೋಗ್ರಿ.”

ಮೈಕು ಆನ್ ಇತ್ತು. ಇಡೀ ಮದುವೆ ಹಾಲ್ ತಿರುಗಿ ನೋಡಿತು. ಬಹುಶಃ ಹೊಸರಿತ್ತಿಯವರೂ ಕೇಳಿದರು.

ಮಂಗಲಾಷ್ಟಕ ಸುರುವಾಯಿತು. ನಮ್ಮ ಕಡೆ ಮದುವೆಗೆ ಕರೆಯುವುದೇ ‘ಅಕ್ಕಿಕಾಳಿಗೆ ಬರ್ರಿ’ ಎಂದು. ಊಟ, ಉಡುಗೊರೆ ಎಲ್ಲ ಆಮೇಲೆ. ಕೊನೆಯ ಪದ್ಯ ಮುಗಿದು ವಾದ್ಯದ ಮೇಳ ಜೋರಾದ ಗಳಿಗೆಯಲ್ಲಿ ನಿಮ್ಮ ಕೈಯ ಅಕ್ಕಿಕಾಳು ಮದುಮಕ್ಕಳ ತಲೆಗೆ ಬಿದ್ದರೆ ನೀವು ಮದುವೆಗೆ ಬಂದ ಹಾಗೆ. ಬರಲಾರದವರೂ ಮನೆಯಲ್ಲಿ ಅಕ್ಕಿಕಾಳು ಹಿಡಿದು, ಮೊಬೈಲು ತಟ್ಟೆಯಲ್ಲಿಟ್ಟು, ಅದರ ಮೇಲೆ ಹಾಕುತ್ತಾರೆ. ಈ ಪದ್ಧತಿ ಯಾವ ಶಾಸ್ತ್ರದಲ್ಲೂ ಇಲ್ಲ, ಮೊಬೈಲು ಬಂದ ಮೇಲೆ ಜನ ಮಾಡಿಕೊಂಡದ್ದು. ನೆಟ್ಟು ನಿಂತರೆ ಅವರಿಗೆ ಆ ಗಳಿಗೆ ಸಿಗುವುದಿಲ್ಲ, ಅಷ್ಟೆ.

ಸ್ವಾಮಿಗಳು ಕೊನೆಯ ಪದ್ಯಕ್ಕೆ ಬಂದರು. ನೂರಾರು ಕೈ ಮೇಲೆದ್ದವು. ಅಕ್ಕಾರು ಒಂದು ಕೈ ಅಡ್ಡ ಹಿಡಿದು, ಸೆರಗಿನೊಳಗಿನ ಫೋನಿಗೆ ಹೇಳಿದರು: “ಹೊಸರಿತ್ತಿ, ಬಂತೇನ್ರಿ?” ಕೇಳಿಸಿಕೊಂಡರು. “ಸ್ವಾಮ್ಯಾರ, ಇನ್ನೊಂದ ಪದ್ಯ ಹೇಳ್ರಿ. ಹೊಸರಿತ್ತಿಗೆ ಇನ್ನಾ ಬಂದಿಲ್ಲ.”

ಸ್ವಾಮಿಗಳು ಸಿಟ್ಟಿಗೇಳುತ್ತಾರೆಂದು ನಾನು ಆಸೆಯಿಂದ ಕಾದೆ. ಅವರು ಗಂಟಲು ಸರಿ ಮಾಡಿಕೊಂಡು ಇನ್ನೊಂದು ಪದ್ಯ ಎತ್ತಿದರು. ನನ್ನ ಪಕ್ಕದವನು ಕೈ ನೋಯುತ್ತದೆಂದು ಗೊಣಗಿದ. ಆದರೆ ಕೈ ಇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕಾರ ಮುಖ ಅರಳಿತು. “ಬಂತು!” ಎಂದರು. ಹಾಲ್ ತುಂಬ ಅಕ್ಕಿ ಸುರಿಯಿತು.

ಎಲ್ಲರೂ ನೆಟ್ಟನ್ನು ಓಡಿಸಲು ಹೊರಟಿದ್ದೆವು. ಆ ಹೆಂಗಸು ಮದುವೆಯನ್ನೇ ನಿಲ್ಲಿಸಿದ್ದರು. ನನಗೆ ಅವರ ಮೊಬೈಲಿನ ಮೇಲೆ ಹೊಟ್ಟೆಕಿಚ್ಚಾಗಲಿಲ್ಲ, ಅಂಥದ್ದನ್ನು ಹತ್ತು ಕೊಳ್ಳಬಲ್ಲೆ. ದಲಾಲಿ, ಸ್ವಾಮಿ, ಮೇಳದವರು, ಎಲ್ಲರೂ ಒಂದು ಅಡ್ಡ ಹಿಡಿದ ಕೈಗೆ ನಿಂತರಲ್ಲ, ಅದರ ಮೇಲೆ. ಅದು ಯಾವ ಅಂಗಡಿಯಲ್ಲಿ ಚೌಕಾಸಿಗೆ ಸಿಗುತ್ತದೆ?

ಸಿಗದ್ದಕ್ಕೇ ಕ್ರೇನು ಕೊಂಡೆ. ಡ್ರೋನು ಕೊಂಡೆ. ಇನ್ನೂ ಚೆಂದ ಕಂಡರೆ ಜನ ಬರುತ್ತಾರೆಂದು ಲೆಕ್ಕ. ಕ್ರೇನು ತಿರುಗಿದಷ್ಟೂ ಹಳ್ಳಿಗಳಲ್ಲಿ ಚಕ್ರ ತಿರುಗಿತು.

ಆಮೇಲೆ ನನ್ನ ಮಗಳ ಮದುವೆ ಗೊತ್ತಾಯಿತು. ದೊಡ್ಡವ್ವನ ವಿಷಯ ಇಲ್ಲಿ ಹೇಳಬೇಕು. ನನ್ನ ತಾಯಿ ನಾನು ಸಣ್ಣವನಿದ್ದಾಗಲೇ ಹೋದಳು. ತಾಯಿಯ ಅಕ್ಕ, ಈ ದೊಡ್ಡವ್ವ, ಕರ್ಜಗಿಯಲ್ಲಿ ತನ್ನ ಮಕ್ಕಳ ಜೊತೆ ನನಗೂ ರೊಟ್ಟಿ ತಟ್ಟಿ ಬೆಳೆಸಿದವಳು. ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡು ಮಂಚ ಹಿಡಿದಿದ್ದಳು. ಹಾವೇರಿಗೆ ಕರೆತರುವುದು ಬೇಡವೆಂದು ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು. ನಾನು ಹೋಗಿ ಮಂಚದ ಪಕ್ಕ ಕೂತು, ಚಿಂತಿ ಮಾಡಬ್ಯಾಡ ದೊಡ್ಡವ್ವ, ನನ್ನದೇ ಲೈವ್ ಐತಿ, ಕುಂತಲ್ಲೇ ಅಕ್ಕಿಕಾಳು ಹಾಕುವೆಯಂತೆ ಎಂದೆ.

“ನಿಂದು ಬ್ಯಾಡೋ,” ಎಂದಳು.

“ಯಾಕ?”

“ಸೊಸಿ ತಮ್ಮನ ಮದುವ್ಯಾಗ ನಿಂದ ಹಾಕಿದ್ರು. ಅಕ್ಕಿಕಾಳು ಹಿಡದು ಕುಂತೆ, ಕುಂತೆ. ಚಕ್ರಾ ತಿರಗಾಕ ಹತ್ತಿತು. ಅದು ನಿಂತು ಚಿತ್ರ ಬರೂದ್ರಾಗ ಎಲ್ಲಾರೂ ಎಲಿ ಮುಂದ ಕುಂತು ಹೋಳಿಗಿ ತಿನ್ನಾಕತ್ತಿದ್ರು. ಕೈಯಾಗಿನ ಅಕ್ಕಿ ತಿರಗಿ ಡಬ್ಬಿಗೆ ಹಾಕಿಸಿದೆ. ನಿನ್ನ ಮಗಳ ಮದುವ್ಯಾಗೂ ಡಬ್ಬಿಗೆ ಹಾಕಂತೀಯೇನು? ಆ ರಾಣೇಬೆನ್ನೂರ ಬಾಯಿ ಅದಾಳಂತಲ್ಲ, ಆಕೀನ್ನ ಕರಸು.”

ಹೊರಗೆ ಬಂದು ಅವಳ ಸೊಸೆಯ ಮೊಬೈಲಿನಲ್ಲಿ ನನ್ನ ಹಳೆಯ ಲೈವೊಂದನ್ನು ಹಾಕಿ ನೋಡಿದೆ. ಚಕ್ರ. ಅಂಗಳ, ಮಾಳಿಗೆ, ದನದ ಹಕ್ಕೆ, ಎಲ್ಲಿ ನಿಂತರೂ ಚಕ್ರ.

ರಾಣೇಬೆನ್ನೂರಿಗೆ ಹೋಗುವಾಗ ಹೆಂಡತಿಗೂ ಹೇಳಲಿಲ್ಲ. ಅಕ್ಕಾರು ಯಾರದೋ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಕೂತಿದ್ದರು. ವಿಷಯ ಹೇಳಿದೆ. ಕತ್ತರಿ ನಿಂತಿತು. ನಗುತ್ತಾರೆ ಎಂದುಕೊಂಡೆ. ನಕ್ಕರು ಕೂಡ, ಮನಸ್ಸು ತುಂಬ ನಕ್ಕರು, ಪಕ್ಕದ ಝೆರಾಕ್ಸ್ ಅಂಗಡಿಯವನನ್ನು ಕರೆದು ಅವನಿಗೂ ಹೇಳಿ ಮತ್ತೊಮ್ಮೆ ನಕ್ಕರು. ಆಮೇಲೆ ಚಹಾ ತರಿಸಿದರು.

“ನಿಮ್ಮ ಕ್ರೇನ್ ಒಳಗ ಬರಬಾರದು.”

“ಅಕ್ಕಾರ, ಮಗಳ ಮದುವಿರಿ. ಶೂಟಿಂಗಿಗರೆ ಬೇಕಲ್ರಿ.”

“ಶೂಟಿಂಗ್ ಮಾಡ್ಕೊರಿ, ನನ್ನ ಮೊಬೈಲ್ ಮುಂದ ಹಾಯಬಾರದು. ಓಡೂ ಲೈಟ್ ಬ್ಯಾಡ. ಹೊಗಿ ಬಿಡೂ ಮಶೀನ್ ಬ್ಯಾಡ. ಬೀಗರಿಗೂ ನೀವ ಹೇಳಬೇಕು.”

“ಲೈಟ್ ಅರ್ಧಾ ಇರಲಿ.”

“ಅರ್ಧಾ ಅಕ್ಕಿಕಾಳು ಬೀಳ್ತಾವ, ನಡಿತೈತೇನು?”

ಅಷ್ಟು ವರ್ಷದ ಚೌಕಾಸಿಯಲ್ಲಿ ನಾನು ಒಂದು ಪೈಸೆಯನ್ನೂ ಒಂದು ಲೈಟನ್ನೂ ಗೆಲ್ಲದೆ ಎದ್ದದ್ದು ಆ ಒಂದು ಅಂಗಡಿಯಿಂದ. ಮದುವೆ ಹಾಲ್ ನೋಡಲು ಯಾವಾಗ ಬರುತ್ತೀರಿ ಎಂದು ಕೇಳಿದೆ.

“ಹಾಲ್ ನೋಡಿ ಏನ್ ಮಾಡ್ಲಿ? ಅದು ಎಲ್ಲೂ ಓಡಿ ಹೋಗೂದಿಲ್ಲ. ನೋಡಾವ್ರ ಮನಿ ತೋರ್ಸ್ರಿ.”

ಇದು ಅವರ ಪದ್ಧತಿ, ಆಗಷ್ಟೇ ಗೊತ್ತಾಯಿತು. ಮರುದಿನ ಕರ್ಜಗಿಗೆ ಬಂದರು. ದೊಡ್ಡವ್ವನ ಮಂಚದ ಮೇಲೆ, ಅವಳ ಪಕ್ಕ, ಅವಳದೇ ದಿಂಬಿಗೆ ಒರಗಿ ಮೊಬೈಲು ಹಿಡಿದು ನೋಡಿದರು. ಮಂಚವನ್ನು ಪಡಸಾಲೆಗೆ ಹೊರಿಸಿದರು, ಅಲ್ಲಿಂದ ಹಿತ್ತಲ ಬಾಗಿಲಿಗೆ, ಬಾಗಿಲಿನಿಂದ ಒಂದು ಗೇಣು ಬಲಕ್ಕೆ. ಅಲ್ಲಿ ಬಂತು, ಜೋರಾಗಿ ಅಲ್ಲ, ಆದರೆ ಬಂತು. ಮುಹೂರ್ತದ ಹೊತ್ತಿಗೆ ಓಣಿಯವರು ಯಾರೂ ವಿಡಿಯೊ ನೋಡಬೇಡಿರೆಂದು ಬಾಗಿಲು ಬಾಗಿಲಿಗೆ ಹೋಗಿ ಹೇಳಿಸಿದರು. ದೊಡ್ಡವ್ವ ಅವರ ಕೈ ಹಿಡಿದುಕೊಂಡು ಮಾತಾಡಿದ್ದೇ ಮಾತಾಡಿದ್ದು. ಊಟ ಮಾಡಿಸಿಯೇ ಕಳಿಸಿದಳು. ಅವರ ತಟ್ಟೆಗೆ ಬಿದ್ದ ಶೇಂಗಾ ಹೋಳಿಗೆ ಅವತ್ತು ನನ್ನ ತಟ್ಟೆಗೆ ಬೀಳಲಿಲ್ಲ. ನನ್ನನ್ನು ಬೆಳೆಸಿದ ಕೈ ಅದು. ಅದನ್ನೂ ಅಕ್ಕಾರು ಒಂದು ಮಧ್ಯಾಹ್ನದಲ್ಲಿ ಬುಕ್ ಮಾಡಿಕೊಂಡು ಹೋದರು.

ಮದುವೆಯ ದಿನ ಹಾವೇರಿಯ ನನ್ನ ಧಂದೆಯವರೆಲ್ಲ ಬಂದಿದ್ದರು. ನನ್ನ ಮಗಳ ಮದುವೆಯ ಲೈವನ್ನು ರಾಣೇಬೆನ್ನೂರಿನವರು ಮಾಡುತ್ತಿರುವುದನ್ನು ನೋಡಿ ಒಬ್ಬರಿಗೊಬ್ಬರು ಮೊಳಕೈಯಲ್ಲಿ ತಿವಿದರು. “ಏನಣ್ಣಾ, ಅಂಗಡಿ ಕೊಟ್ಟಬಿಟ್ಟೇನು?” ಎಂದ ಒಬ್ಬ. ಬೆಡ್‌ಶೀಟು ಕಟ್ಟಿದ್ದರು. ಲೈಟು ಆರಿಸಿದ್ದರು. ನಾನು ತಂದೆ, ಹೊಸ ಧೋತರ ಉಟ್ಟು, ಅಕ್ಕಿಕಾಳು ಹಿಡಿದು ನಿಂತೆ.

ಕೊನೆಯ ಪದ್ಯ ಬಂತು. “ಕರ್ಜಗಿ, ಬಂತೇನ್ರಿ?” ಅಕ್ಕಾರ ಕೈ ಅಡ್ಡ ಹಿಡಿದೇ ಇತ್ತು. ಸ್ವಾಮಿಗಳು ಇನ್ನೊಂದು ಪದ್ಯ ಹೇಳಿದರು, ಮತ್ತೊಂದು ಹೇಳಿದರು. ಮುಹೂರ್ತ ದಾಟುತ್ತದೆಂದು ಗಡಿಯಾರ ತೋರಿಸಿದರು. ಬೀಗರು ನನ್ನ ಮುಖ ನೋಡಿದರು. ಅಕ್ಕಾರ ಹಣೆಯ ಮೇಲೆ ನಾನು ಬೆವರು ನೋಡಿದ್ದು ಅದೇ ಮೊದಲು. ಹೇಳಲಿಕ್ಕೆ ನಾಚಿಕೆಯಿಲ್ಲ, ಹೊಟ್ಟೆಯ ಒಂದು ಮೂಲೆಯಲ್ಲಿ ತಂಪಾಯಿತು. ಮರುಗಳಿಗೆ ದೊಡ್ಡವ್ವನ ಡಬ್ಬಿ ನೆನಪಾಗಿ ಆ ಮೂಲೆಯೂ ಉರಿಯಿತು.

ಅಕ್ಕಾರು ಗದ್ದದ ಪಿನ್ನು ಕಿತ್ತರು. ಸೆರಗು ಜಾರಿತು, ಫೋನು ಕೈಗೆ ಬಂತು, ಅದನ್ನು ನನ್ನ ಕಿವಿಗೆ ಒತ್ತಿದರು.

“ಚಿತ್ರ ನಿಂತೈತಿ. ನನ್ನ ದನಿಗೆ ನಿಮ್ಮ ದೊಡ್ಡವ್ವ ಅಕ್ಕಿಕಾಳು ಹಾಕೂದಿಲ್ಲ, ಕಣ್ಣಿಲೆ ಕಾಣಬೇಕು ಅನ್ನಾಕತ್ತಾರ. ನೀವ ಹೇಳ್ರಿ.”

ಫೋನು ಬಿಸಿಯಾಗಿತ್ತು. ಆ ಕಡೆ ಸೊಸೆಯ ಉಸಿರು, ಕೋಳಿಯ ಕೂಗು, ದೊಡ್ಡವ್ವನ ಕೆಮ್ಮು.

“ದೊಡ್ಡವ್ವ, ನಾನು. ನಿನ್ನ ಮೊಮ್ಮಗಳು ನನ್ನ ಮುಂದ ನಿಂತಾಳ. ಹಸರ ಸೀರಿ ಉಟ್ಟಾಳ. ತಲಿ ಬಗ್ಗಿಸ್ಯಾಳ. ನಾ ಹಾಕಾಕತ್ತೇನಿ, ನೀನೂ ಹಾಕು.”

ಅಕ್ಕಾರು ಕೈ ಬೀಸಿದರು, ಮೇಳ ಎದ್ದಿತು. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಮಗಳ ತಲೆಯ ಮೇಲೆ ಅಕ್ಕಿ. ಅಷ್ಟು ಗದ್ದಲದಲ್ಲೂ ಕಿವಿಯೊಳಗೆ ಸಣ್ಣಗೆ ಕೇಳಿಸಿತು: ಗಾಜಿನ ಮೇಲೆ ಟಪಟಪ, ಟಪಟಪ. ಕರ್ಜಗಿಯಲ್ಲಿ ನಿಂತುಹೋದ ಚಿತ್ರದ ಮೇಲೆ ಅಕ್ಕಿಕಾಳು ಬೀಳುತ್ತಿದ್ದವು.

ನನ್ನ ಯಾವ ಕ್ಯಾಮೆರಾಕ್ಕೂ ಆ ಸದ್ದು ಸಿಕ್ಕಿರಲಿಲ್ಲ. ಅಕ್ಕಾರಿಗೆ ಇಷ್ಟು ವರ್ಷ, ಪ್ರತಿ ಮದುವೆಯಲ್ಲೂ, ಅದು ಪುಕ್ಕಟೆ ಸಿಗುತ್ತಿತ್ತು ಎಂದು ಹೊಳೆದದ್ದು ಆಗ. ಎಲ್ಲಕ್ಕಿಂತ ಹೆಚ್ಚು ಹೊಟ್ಟೆಕಿಚ್ಚಾದದ್ದೂ ಆಗಲೇ.

ಅಕ್ಕಾರು ಹೋದದ್ದು ಕಳೆದ ಮಳೆಗಾಲದಲ್ಲಿ. ಸಕ್ಕರೆ ಕಾಯಿಲೆಯಿತ್ತು, ಪಥ್ಯ ಮಾಡುವ ಪೈಕಿಯಲ್ಲ. ಅವತ್ತು ಬೆಳಗ್ಗೆ ಅವರ ಮಗಳು ಫೋನು ಮಾಡಿದಳು.

“ಅಣ್ಣಾರ, ಅವ್ವನ ಮಣ್ಣಿಗೆ ಎಲ್ಲಾರಿಗೂ ಬರಾಕ ಆಗೂದಿಲ್ಲ. ಲೈವ್ ನೀವ ಮಾಡಬೇಕ್ರಿ.”

“ನಾ ಯಾಕವ್ವಾ? ರಾಣೇಬೆನ್ನೂರಾಗ ಯಾರೂ ಇಲ್ಲೇನು?”

“ಅವ್ವ ಹೇಳತಿದ್ಲುರಿ. ಆ ಹಾವೇರಿ ಮನಷ್ಯಾಗ ನನ್ನ ಮ್ಯಾಲ ಹೊಟ್ಟಿಕಿಚ್ಚ ಭಾಳ, ಅದಕ್ಕ ನನ್ನ ಕೆಲಸಾ ಅವನಷ್ಟು ಲಕ್ಷ್ಯಗೊಟ್ಟು ಯಾರೂ ನೋಡಿಲ್ಲ, ನಂದೇನರೆ ಆದ್ರ ಅವನ್ನ ಕರೀರಿ ಅಂತ.”

ಸತ್ತ ಮೇಲೂ ಚುಚ್ಚುವ ಹೆಂಗಸು! ಆದರೆ ಹೋದೆ. ಅವರದೇ ಮೊಬೈಲು, ಅವರದೇ ಸ್ಟ್ಯಾಂಡು. ಹಾರುತ್ತಿದ್ದ ಶಾಮಿಯಾನದ ಅಂಚು ಕಟ್ಟಿಸಿದೆ. ನನಗೆ ಸೆರಗಿಲ್ಲ; ಅವರ ಡಬ್ಬಾ ಫೋನನ್ನು ಕಿವಿಗಿಟ್ಟು ಟವೆಲ್ಲು ಸುತ್ತಿ ಗಂಟು ಹಾಕಿಕೊಂಡೆ. ಯಾರೂ ನಗಲಿಲ್ಲ. ಹೊಸರಿತ್ತಿಯ ಕರೆ, ಕರ್ಜಗಿಯ ಕರೆ, ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಗೋಡೆಯ ಪಕ್ಕ ನಿಂತ ಹಮಾಲರ ಕರೆ, ಒಂದು ಇಡುವುದರೊಳಗೆ ಇನ್ನೊಂದು. ಎಲ್ಲರೂ ಇದ್ದಲ್ಲೇ ಹೂವು ಹಿಡಿದು ಕಾದಿದ್ದರು.

ಹೂವೇರಿಸುವ ಹೊತ್ತು ಬಂತು. ಸ್ವಾಮಿಗಳು ಕೈಯೆತ್ತಿದರು. ನಾನು ಕೈ ಅಡ್ಡ ಹಿಡಿದೆ. “ಸ್ವಾಮ್ಯಾರ, ಚೂರು ತಡೀರಿ. ಕರ್ಜಗಿಗೆ ಇನ್ನಾ ಬಂದಿಲ್ಲ.”

ಅಷ್ಟು ಜನ ನಿಂತರು. ಒಬ್ಬರೂ ಗೊಣಗಲಿಲ್ಲ. ಮಳೆ ಹನಿಯುತ್ತಿತ್ತು, ಹಾಗೇ ನಿಂತರು. ನನ್ನ ಕೈಗಲ್ಲ, ಅದು ನನಗೆ ಗೊತ್ತು. ನನ್ನ ಮಣ್ಣಿಗೆ ಹೀಗೆ ನೆಟ್‌ವರ್ಕಿಗಾಗಿ ತೊಯ್ದುಕೊಂಡು ನಿಲ್ಲುವವರು ಎಷ್ಟು ಮಂದಿ ಎಂದು ಅಲ್ಲೇ ಮನಸ್ಸು ಲೆಕ್ಕಕ್ಕೆ ಕೂತಿತು. ಕಿವಿಯೊಳಗೆ ದೊಡ್ಡವ್ವನ ದನಿ ಬಂತು: “ಬಂತೋ, ಬಂತು.” ಆಮೇಲೆ ಹೂವು ಏರಿಸಿದೆವು.

ಈಗ ನನಗೆ ಬುಕಿಂಗ್ ಹೆಚ್ಚು. ಜನ ಮೆಚ್ಚಿ ಹೇಳುವುದು ಒಂದೇ ಮಾತು, “ಥೇಟ್ ಅಕ್ಕಾರ ಹಂಗ ಮಾಡತೀರಿ ನೋಡ್ರಿ.” ಎಷ್ಟು ದುಡಿದರೂ ಹೆಸರು ಅವರ ಖಾತೆಗೇ ಜಮಾ ಆಗುತ್ತದೆ.

ನಿಮ್ಮ ಮನೆಯಲ್ಲಿ ಮದುವೆಯಿದ್ದರೆ ಒಂದು ಮಾತು ಕೇಳಿ. ಲೈವಿನವನು ಚೆಂದದ ಚಿತ್ರ ತೋರಿಸಿದರೆ ಮರುಳಾಗಬೇಡಿ. ಅವನು ತೋರಿಸುವುದು ತನ್ನ ಅಂಗಡಿಯ ವೈಫೈನಲ್ಲಿ. ನಿಮ್ಮ ಬಳಗದಲ್ಲಿ ಎಲ್ಲಕ್ಕಿಂತ ಕೆಟ್ಟ ನೆಟ್ಟು ಇರುವವರು ಯಾರು ಎಂದು ಮೊದಲು ಗುರುತಿಸಿ, ಅವರ ಹಾಸಿಗೆಯ ತನಕ ಅವನನ್ನು ಕರೆದುಕೊಂಡು ಹೋಗಿ ಕೂಡಿಸಿ. ಬರಲೊಲ್ಲೆ ಎಂದರೆ ಅಡ್ವಾನ್ಸು ಕೊಡಬೇಡಿ. ಚಿತ್ರ ಸಣ್ಣದಿರಲಿ, ದನಿ ನಿಲ್ಲಬಾರದು. ಬೆನ್ನ ಹಿಂದೆ ಏನೂ ಹಾರಬಾರದು, ಮಿಣಮಿಣ ಎನ್ನಬಾರದು. ಒಂದು ಡಬ್ಬಾ ಫೋನನ್ನು ಪೂರ್ತಿ ಚಾರ್ಜು ಮಾಡಿ ಇಟ್ಟುಕೊಳ್ಳಿ, ಅದರ ಆ ತುದಿಯಲ್ಲಿ ಗುರುತಿನ ದನಿಯೊಂದು ಇರಲಿ. ಸ್ವಾಮಿಗಳಿಗೆ ಹೆಚ್ಚಿನ ಎರಡು ಪದ್ಯ ಇಟ್ಟುಕೊಳ್ಳಲು ಹಿಂದಿನ ದಿನವೇ ಹೇಳಿರಿ, ಅವರಿಗೂ ಅದರಲ್ಲಿ ಖುಷಿಯೇ. ಇನ್ನು ಕಲ್ಯಾಣ ಮಂಟಪದವರು ಅವಸರ ಮಾಡುತ್ತಾರೆ, ಬೀಗರು ಮುಖ ಸಣ್ಣ ಮಾಡುತ್ತಾರೆ, ಊಟ ಆರುತ್ತದೆ ಎನ್ನುತ್ತಾರೆ. ಎನ್ನಲಿ. ಆ ಕಡೆಯಿಂದ ‘ಬಂತು’ ಎನ್ನುವವರೆಗೆ ನಿಮ್ಮ ಮುಷ್ಟಿ ಬಿಚ್ಚಬೇಡಿ.